ನಮ್ಮ ಅಂಗಳದಲ್ಲಿ ಎಲೆನೂ ಅಲ್ಲಾಡ್ತಿಲ್ಲ

ಮೆಸೇಜ್ ಬಂದಾಗ ಒಲೀಟಾ ಅಡುಗೆಮನೇಲಿ ಬೀನ್ಸ್ ಬೇಯಿಸ್ತಿದ್ಲು. ಮೂಗಿಗೆ ಸಣ್ಣ ಪೈಪು. ಪೈಪಿನ ಆ ತುದೀಲಿ, ಹಾಲಿನ ಮೂಲೇಲಿ, ಆಕ್ಸಿಜನ್ ಮಷಿನ್ನು ಗುಂಯ್ ಅಂತಿತ್ತು. ಆರು ತಿಂಗಳಿಂದ ಆ ಗುಂಯ್ ಇದ್ರೇನೇ ಅವಳಿಗೆ ಉಸಿರು.

"ನಾಳೆ ಮಧ್ಯಾಹ್ನ ಎರಡು ಗಂಟೆಯಿಂದ ಟಿಂಬರ್ ಹಾಲೋ ಊರಿಗೆ ಕರೆಂಟ್ ಇರಲ್ಲ. ಜೋರು ಒಣಗಾಳಿ. ಕಾಡ್ಗಿಚ್ಚಿನ ಅಪಾಯ."

ಓದಿದ್ದೇ ತಡ, ಅವಳು ಒಲೆ ಆರಿಸಿದ್ಲು.

"ವರ್ಲಿನ್! ಮತ್ತೆ ಕರೆಂಟ್ ತೆಗೀತಾರಂತೆ!"

ಗಂಡ ವರ್ಲಿನ್ ಹ್ಯಾಸ್ಕೆಟ್ ಎದ್ದು ಹಿಂದಿನ ಬಾಗಿಲು ತೆಗೆದ. ನಲವತ್ತು ವರ್ಷ ಕಾಡಲ್ಲಿ ಮರ ಕಡಿದ ಮನುಷ್ಯ. ಬಟ್ಟೆ ಒಣಗಿಸೋ ತಂತಿಗೆ ಒಂದು ಕೆಂಪು ರಿಬ್ಬನ್ ಕಟ್ಟಿದ್ದ. ಅವನಿಗೆ ಅದೇ ಹವಾಮಾನ ಇಲಾಖೆ.

"ನೋಡು, ರಿಬ್ಬನ್ ಸತ್ತ ಹಾವಿನ ಥರ ನೇತಾಡ್ತಿದೆ. ಎಲ್ಲಿದೆ ಗಾಳಿ? ಹೋದ ಅಕ್ಟೋಬರಲ್ಲೂ ಹಿಂಗೇ ಹೆದರಿಸಿದ್ರು. ಫ್ರಿಜ್ಜಲ್ಲಿದ್ದ ಜಿಂಕೆ ಮಾಂಸ ಎಲ್ಲಾ ಕೊಳೆತು ನಾರ್ತು. ಬೆಂಕಿ ಬಂತಾ? ಬರ್ಲಿಲ್ಲ!"

ಅಷ್ಟೊತ್ತಿಗೆ ಪಕ್ಕದ್ಮನೆ ಮಾರಿಸೆಲಾ ಬೇಲಿ ಹತ್ರ ಬಂದ್ಲು. ಕರೆಂಟ್ ಕಂಪನೀಲಿ ಹವಾಮಾನ ನೋಡೋದೇ ಅವಳ ಕೆಲ್ಸ.

"ಬಂದ್ಲಪ್ಪಾ, ನಮ್ಮ ಮನೆ ದೀಪ ಆರಿಸೋ ರಾಣಿ!" ಅಂದ ವರ್ಲಿನ್.

"ಬೈರಿ ಮಿಸ್ಟರ್ ಹ್ಯಾಸ್ಕೆಟ್, ಬೆಳಗ್ಗೆಯಿಂದ ನೂರು ಜನ ಬೈದಿದಾರೆ, ನೀವು ನೂರೊಂದನೇಯವ್ರು." ನಕ್ಕಳು. ಆದ್ರೆ ಕಣ್ಣಲ್ಲಿ ನಗು ಇರ್ಲಿಲ್ಲ. "ನಿಮ್ಮ ರಿಬ್ಬನ್ ಸುಳ್ಳು ಹೇಳ್ತಿಲ್ಲ. ಆದ್ರೆ ಅದು ಈ ತಗ್ಗಿನ ಗಾಳಿ ಹೇಳುತ್ತೆ. ನಿಮ್ಮ ಕರೆಂಟ್ ಬರೋ ತಂತಿ ಎಲ್ಲಿಂದ ಬರುತ್ತೆ? ಆ ಬೆಟ್ಟದ ನೆತ್ತಿ ಮೇಲಿಂದ. ಅಲ್ಲಿ ಕಂಬಗಳಿಗೆ ಗಾಳಿ ಅಳೆಯೋ ಯಂತ್ರ ಹಾಕಿದೀವಿ. ನಾಳೆ ಮರಳುಗಾಡಿನ ಕಡೆಯಿಂದ ಒಣಗಾಳಿ ಬೆಟ್ಟ ದಾಟಿ ಈ ಕಡೆಗೆ ನುಗ್ಗುತ್ತೆ. ಗಂಟೆಗೆ ಅರವತ್ತು ಮೈಲಿ. ಮೇ ತಿಂಗಳಿಂದ ಹನಿ ಮಳೆ ಇಲ್ಲ, ಹುಲ್ಲು ಹಪ್ಪಳ ಆಗಿದೆ. ಗಾಳಿಗೆ ತಂತಿಗೆ ತಂತಿ ಬಡಿದು ಒಂದು ಕಿಡಿ ಹಾರಿದ್ರೆ ಸಾಕು."

"ಸುಮ್ನೆ ಊಹೆ ತಾನೇ?"

"ಊಹೆ ಅಲ್ಲ, ಲೆಕ್ಕ. ತಪ್ಪೂ ಆಗ್ಬಹುದು. ನೀವು ಕಾಡಲ್ಲಿದ್ದಾಗ ಒಣ ದಿನಗಳಲ್ಲಿ ಕಿಡಿ ಹಾರುತ್ತೆ ಅಂತ ಮಧ್ಯಾಹ್ನ ಒಂದು ಗಂಟೆಗೇ ಗರಗಸ ನಿಲ್ಲಿಸ್ತಿದ್ರಿ ಅಲ್ವಾ? ದಿನಾ ಬೆಂಕಿ ಹತ್ತುತ್ತಿತ್ತಾ?"

ಮಾರಿಸೆಲಾ ಹಿಂಬಾಗಿಲಲ್ಲಿ ನಿಂತಿದ್ದ ಒಲೀಟಾ ಕಡೆ ತಿರುಗಿದ್ಲು.

"ಒಲೀಟಾ, ನಿಮ್ಮ ಸಣ್ಣ ಆಕ್ಸಿಜನ್ ಮಷಿನ್ನಿನ ಬ್ಯಾಟರಿ ಇವತ್ತೇ ಪೂರ್ತಿ ಚಾರ್ಜ್ ಮಾಡಿ. ನಾಳೆ ಎರಡು ಗಂಟೆಗೆ ಮುಂಚೆನೇ ಸ್ಕೂಲ್ ಹಾಲಿಗೆ ಹೊರಡಿ, ಅಲ್ಲಿ ಮಷಿನ್ ಹಾಕೋಕೆ ಜನರೇಟರ್ ಕರೆಂಟ್ ಇಟ್ಟಿರ್ತೀವಿ. ಇನ್ನೊಂದು, ಕರೆಂಟ್ ಇಲ್ದಿದ್ರೆ ಗುಂಡಿ ಕೆಲ್ಸ ಮಾಡಲ್ಲ, ಗ್ಯಾರೇಜ್ ಬಾಗಿಲು ಕೈಯಲ್ಲಿ ಎತ್ತಿ ನೋಡಿದೀರಾ? ಮೇಲೆ ಕೆಂಪು ಹಗ್ಗ ಇರುತ್ತೆ. ಅದನ್ನ ಎಳೆದ್ರೆ ಮೋಟಾರಿಂದ ಬಾಗಿಲು ಬಿಟ್ಕೊಳ್ಳುತ್ತೆ."

"ಹದಿನೈದು ವರ್ಷದಿಂದ ಗುಂಡಿ ಒತ್ತಿ ತೆಗೀತಿದೀನಿ ತಾಯಿ," ಅಂತ ವರ್ಲಿನ್ ಒಳಗೆ ಹೋಗೇಬಿಟ್ಟ. ಬ್ಯಾಟರಿ ಚಾರ್ಜಿಗೆ ಹಾಕ್ತೀನಿ ಅಂದೋನು ಟಿವಿ ಮುಂದೆ ಕೂತು ಮರೆತ. ಮಾರನೇ ದಿನ ಮಧ್ಯಾಹ್ನ ನೆನಪಾಗಿ ಹಾಕಿದ, ಅರ್ಧನೇ ತುಂಬ್ತು.

ಎರಡು ಗಂಟೆ. ಟಕ್. ಗುಂಯ್ ನಿಂತೋಯ್ತು.

ಅಷ್ಟು ಮೌನ ಒಲೀಟಾ ಯಾವತ್ತೂ ಕೇಳಿರ್ಲಿಲ್ಲ. ಪೈಪನ್ನ ಸಣ್ಣ ಬ್ಯಾಟರಿ ಮಷಿನ್ನಿಗೆ ಹಾಕಿದ್ಲು. ಅದರ ಮೇಲೆ ಎರಡು ಹಸಿರು ದೀಪ, ಅಂದ್ರೆ ಅರ್ಧ ಚಾರ್ಜ್.

"ಹೋಗೋಣ್ವಾ?"

"ಇರು ಲೀಟಾ, ಒಂದು ಗಂಟೇಲಿ ವಾಪಸ್ ಕೊಡ್ತಾರೆ. ನೋಡು ರಿಬ್ಬನ್ನು!"

ರಿಬ್ಬನ್ ಅಲ್ಲಾಡ್ಲಿಲ್ಲ. ಮೂರೂಕಾಲಿಗೆ ಒಂದು ದೀಪ ಆರಿತು. ಒಲೀಟಾ ಮಾತಾಡೋದು ನಿಲ್ಲಿಸಿದ್ಲು, ಉಸಿರು ಉಳಿಸೋಕೆ. ನಾಲ್ಕು ಗಂಟೆ ಹೊತ್ತಿಗೆ ಬೆಟ್ಟದ ಕಡೆಯಿಂದ ರೈಲು ಬಂದಂಗೆ ಸದ್ದು. ರಿಬ್ಬನ್ ಒಮ್ಮೆ ನಡುಗ್ತು, ಆಮೇಲೆ ಸೀದಾ ಅಡ್ಡ ನಿಂತ್ಕೊಂಡ್ತು. ಛಾವಣಿ ಮೇಲೆ ಪೈನ್ ಕಾಯಿ ಧಡಧಡ ಬಿದ್ವು. ಅದೇ ಹೊತ್ತಿಗೆ ಬ್ಯಾಟರಿ ಬೀಪ್ ಬೀಪ್ ಅಂತ ಕೂಗೋಕೆ ಶುರು.

"ಟ್ರಕ್ ತೆಗೀತೀನಿ!" ವರ್ಲಿನ್ ಗ್ಯಾರೇಜಿಗೆ ಓಡಿದ. ಗುಂಡಿ ಒತ್ತಿದ. ಮತ್ತೆ ಒತ್ತಿದ. ಇನ್ನೂ ಒತ್ತಿದ. ಕರೆಂಟೇ ಇಲ್ಲ, ಬಾಗಿಲು ಎಲ್ಲಿಂದ ತೆರೆಯುತ್ತೆ! ಕೆಳಗೆ ಕೈ ಹಾಕಿ ಎತ್ತಿದ. ಅಲ್ಲಾಡ್ಲಿಲ್ಲ.

"ಕೆಂಪು... ಹಗ್ಗ..." ಒಲೀಟಾ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ಲು.

ಹಗ್ಗ ಎಲ್ಲಿ? ವರ್ಲಿನ್ ಮೇಲೆ ನೋಡಿದ. ಟೋಪಿಗೆ ತಗಲುತ್ತೆ ಅಂತ ಅವನೇ ಯಾವತ್ತೋ ಅದನ್ನ ಮೇಲಿನ ಪಟ್ಟಿಗೆ ಸುತ್ತಿ ತಂತಿ ಬಿಗಿದಿದ್ದ! ಇಕ್ಕಳ ಹಿಡಿದು ಟ್ರಕ್ಕಿನ ಹಿಂಭಾಗ ಹತ್ತಿದ. ಬಲ ಭುಜ ಮೊದಲೇ ಕೆಟ್ಟಿದೆ, ಎಡಗೈಯಲ್ಲಿ ಕತ್ತರಿಸೋಕೆ ಹೋದ್ರೆ ಇಕ್ಕಳ ಜಾರ್ತಿದೆ. ಕತ್ತಲು ಕತ್ತಲು ಗ್ಯಾರೇಜು. ಬೀಪ್. ಬೀಪ್. ಬೀಪ್ ಕೂಡ ನಿಂತೋಯ್ತು.

ಒಲೀಟಾಗೆ ಎದೆ ಮೇಲೆ ಯಾರೋ ಕೂತಂಗಾಯ್ತು. ಕಣ್ಣ ಮುಂದೆ ಚುಕ್ಕೆ ಚುಕ್ಕೆ. ಬಾಗಿಲು ತೆರೆಯದಿದ್ರೆ ಇಲ್ಲೇ, ಈ ಪೇಂಟ್ ಡಬ್ಬಗಳ ಮಧ್ಯೆನೇ ನನ್ನ ಕಥೆ ಮುಗೀತು ಅಂದ್ಕೊಂಡ್ಲು.

ಟಣ್! ತಂತಿ ತುಂಡಾಯ್ತು. ವರ್ಲಿನ್ ಹಗ್ಗ ಎಳೆದ, ಕೆಳಗೆ ಹಾರಿ ಬಾಗಿಲಿಗೆ ಎಡ ಭುಜ ಕೊಟ್ಟ. ಬಾಗಿಲು ಏಳ್ತು. ಹೆಂಡತೀನ ಮಗು ಥರ ಎತ್ತಿ ಟ್ರಕ್ಕಲ್ಲಿ ಕೂರಿಸ್ದ.

ಸ್ಕೂಲಿಗೆ ಹೋಗೋ ದಾರೀಲಿ, ಬೆಟ್ಟದ ತಿರುವಲ್ಲಿ ಗಾಳಿ ಟ್ರಕ್ಕನ್ನೇ ಪಕ್ಕಕ್ಕೆ ತಳ್ತಿತ್ತು. ಅಲ್ಲಿ ವರ್ಲಿನ್ ಒಂದು ಕ್ಷಣ ಬ್ರೇಕ್ ಒತ್ತಿದ. ಮನುಷ್ಯನ ಸೊಂಟದಷ್ಟು ದಪ್ಪ ಪೈನ್ ಕೊಂಬೆ ಮುರಿದು ಎರಡು ಕರೆಂಟ್ ತಂತಿಗೂ ಅಡ್ಡ ಬಿದ್ದು ತೂಗಾಡ್ತಿತ್ತು. ತಂತಿಗೆ ತಂತಿ ಬಡೀತಿತ್ತು. ಕೆಳಗೆ ಮೊಣಕಾಲುದ್ದ ಒಣ ಹುಲ್ಲು. ಹುಲ್ಲಿನ ಕೆಳಗೆ ಇಳಿಜಾರು. ಇಳಿಜಾರಿನ ಕೆಳಗೆ ಇಡೀ ಊರು.

ಕಿಡಿ ಇಲ್ಲ. ಯಾಕಂದ್ರೆ ತಂತೀಲಿ ಕರೆಂಟೇ ಇರ್ಲಿಲ್ಲ.

ವರ್ಲಿನ್ ಬ್ರೇಕ್ ಬಿಟ್ಟು, ತಂತಿಯಿಂದ ದೂರ ಸರಿದು ಟ್ರಕ್ ಓಡಿಸ್ದ.

ಸ್ಕೂಲ್ ಹಾಲಲ್ಲಿ ನರ್ಸ್ ಓಡಿ ಬಂದು ಅವಳ ಸಣ್ಣ ಮಷಿನ್ನನ್ನ ಕರೆಂಟಿಗೆ ಹಾಕಿದ್ಲು. ಗುಂಯ್. ಒಲೀಟಾ ಅತ್ಲು, ಉಸಿರು ಬಂದಿದ್ದಕ್ಕೆ. ವರ್ಲಿನ್ ಪಕ್ಕದಲ್ಲೇ ಕೂತು ಮಾರಿಸೆಲಾಗೆ ಫೋನ್ ಹಚ್ಚಿದ.

"ಕರೆಂಟ್ ಯಾವಾಗ ಅಂತ ನೀವೂ ಕೇಳ್ಬೇಡಿ ಪ್ಲೀಸ್," ಅಂದ್ಲು ಅವಳು, ಸುಸ್ತಾಗಿ.

"ಅದಕ್ಕಲ್ಲ ಹುಡುಗಿ. ಮೇಲಿನ ತಿರುವಲ್ಲಿ ತಂತಿ ಮೇಲೆ ಕೊಂಬೆ ಬಿದ್ದಿದೆ, ಬರ್ಕೋ. ಗಾಳಿ ನಿಂತ್ಮೇಲೂ ಆತುರ ಮಾಡ್ಬೇಡಿ. ಒಂದೊಂದು ಕಂಬನೂ ನೋಡಿ ಆಮೇಲೇ ಕೊಡಿ. ನಾವು ಕಾಯ್ತೀವಿ."

ಈಗ ನಿಮ್ಮ ಮಾತು. ಕರೆಂಟ್ ತೆಗೀತೀವಿ ಅಂತ ಮೆಸೇಜ್ ಬಂದ್ರೆ ಅಂಗಳದ ಎಲೆ ನೋಡಿ ತೀರ್ಮಾನ ಮಾಡ್ಬೇಡಿ, ಗಾಳಿ ನಿಮ್ಮ ಮನೆಗೆ ಕೊನೇಲಿ ಬರುತ್ತೆ. ಮನೇಲಿ ಮಷಿನ್ನಿಂದ ಉಸಿರಾಡೋರು ಇದ್ರೆ ಕರೆಂಟ್ ಕಂಪನೀಲಿ ಅವರ ಹೆಸ್ರು ಇವತ್ತೇ ಬರೆಸಿ, ಬ್ಯಾಟರಿ ತುಂಬ್ಸಿ, ದೀಪ ಆರೋಕೆ ಮುಂಚೆನೇ ಹೊರಡಿ. ಬಿದ್ದ ತಂತಿ ಕಂಡ್ರೆ ಹತ್ರ ಹೋಗದೆ ಫೋನ್ ಮಾಡಿ. ಮತ್ತೆ, ಈ ಕಥೆನ ಕೈಲಿ ಹಿಡ್ಕೊಂಡೇ ಎದ್ದು ಗ್ಯಾರೇಜಿಗೆ ಹೋಗಿ. ಆ ಕೆಂಪು ಹಗ್ಗ ಎಲ್ಲಿದೆ ನೋಡಿ. ಬಾಗಿಲು ಒಂದ್ಸಲ ಕೈಯಲ್ಲಿ ಎತ್ತಿ. ಈಗ್ಲೇ, ಬೆಳಕಿದ್ದಾಗ.