ಒಣ ದಿಂಬು

ಪರದೆ ಅಲ್ಲಾಡುತ್ತಿಲ್ಲ, ಫ್ಯಾನು ಮಾತ್ರ ಗರಗರ ತಿರುಗುತ್ತ ಬಿಸಿಯನ್ನೇ ಕಲಕುತ್ತಿದೆ, ಅನುಸೂಯಾ ಬಾಯಾರ ಮಂಚ ಖಾಲಿ — ಈಗಷ್ಟೇ ಆಂಬುಲೆನ್ಸಿನವರು ಚಾದರ ಸಮೇತ ಎತ್ತಿಕೊಂಡು ಹೋದರು, ದಿಂಬು ಇಲ್ಲೇ ಉಳಿದಿದೆ, ನನ್ನ ಕೈ ಅದರ ಮೇಲಿದೆ, ಒಣ ಒಣ, ಬಿಸಿಲಿಗೆ ಹಾಕಿ ಈಗ ತಂದಂತೆ, ಬೆವರಿನ ಒಂದು ಹನಿಯಿಲ್ಲ. ಒಂದೂವರೆಗೆ ಇದೇ ದಿಂಬು ಮುಟ್ಟಿ ನೋಡಿ ಹಿಗ್ಗಿದ್ದೆ, ದೇವರೇ, ಹಿಗ್ಗಿದ್ದೆನಲ್ಲ, ಮಾನಮ್ಮ, ಇಡೀ ಹಡಪಸರ ಊರು ಬೆವರಿ ಬೇಯುತ್ತಿದೆ, ನಿನ್ನ ಬಾಯಾರು ಮಾತ್ರ ತಣ್ಣಗೆ ಮಲಗಿದ್ದಾರೆ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡಿದ್ದೆ. ಕಿಟಕಿ ಮುಚ್ಚಿದ್ದೂ ನಾನೇ, ಯಾರೂ ಹೇಳಿರಲಿಲ್ಲ, ಯಾದಗಿರಿ ಕಡೆ ನಮ್ಮವ್ವ ಹನ್ನೊಂದು ಹೊಡೆದರೆ ಸಾಕು, ಮಾನೀ, ಝಳ ಒಳಗ ಬರ್ತದ, ಕದಾ ಹಾಕು ಅನ್ನುತ್ತಿದ್ದಳು, ಕತ್ತಲಲ್ಲಿ ಬರಿನೆಲಕ್ಕೆ ಒರಗಿದರೆ ಬೆನ್ನಿಗೆ ತಂಪು ಹತ್ತುತ್ತಿತ್ತು — ಆದರೆ ಆ ಮನೆಯ ಮಾಳಿಗೆಯ ಮೇಲೆ ಮೊಳದಷ್ಟು ಮಣ್ಣಿತ್ತು, ಈ ವೃದ್ಧಾಶ್ರಮದ ಮೂರನೆಯ ಮಹಡಿಯ ಮೇಲೆ ಏನಿದೆ, ತಗಡು, ಬರೀ ತಗಡು, ಆರು ವರ್ಷದಿಂದ ದಿನಾ ಅದರ ಕೆಳಗೇ ಓಡಾಡುತ್ತೇನೆ, ಕಣ್ಣಿದ್ದೂ ಕುರುಡಿ ನಾನು.

ಬೆಳಿಗ್ಗೆ ಬಾಯಾರು ಸರಿಯಾಗಿ ಮಾತಾಡಿದ್ದರು, ಸೋಲಾಪುರದಲ್ಲಿ ಶಾಲೆ ಕಲಿಸಿದವರು, ಅದಕ್ಕೇ ನಮಗೆಲ್ಲ ಬಾಯಾರು, ಈ ಮಹಡಿಯಲ್ಲಿ ನನ್ನ ಜೊತೆ ಕನ್ನಡ ಆಡುವವರು ಇಬ್ಬರೇ, ಇವರು ಮತ್ತು ಪಕ್ಕದ ಮಂಚದ ಶಿವಬಸವ್ವ. ಮಾನಮ್ಮಾ, ಒಂದೀಟು ನೀರು ಕೊಡವಾ ಅಂದರು, ಕೊಟ್ಟೆ, ಅರ್ಧ ಲೋಟ, ಅರ್ಧವೇ, ತುಂಬಿ ಕೊಟ್ಟರೆ ಹಾಸಿಗೆ ಒದ್ದೆಯಾಗುತ್ತದೆ, ಮುದುಕರನ್ನು ನೋಡಿಕೊಳ್ಳುವ ನಾವೆಲ್ಲ ಮಾಡುವುದೇ ಹೀಗೆ, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ. ಮೂರಕ್ಕೆ ಬಂದಾಗ ಬಾಯಾರು ಕಣ್ಣು ಮುಚ್ಚಿಕೊಂಡೇ ಹಾಜರಿ ಕರೆಯುತ್ತಿದ್ದರು, ಜೈಭೀಮ, ಕೇತಕಿ, ಕಿಶೋರ, ಎಲ್ಲಿದ್ದೀರಿ ಎಲ್ಲಾರೂ, ನನಗೆ ನಗು ಬಂತು, ಹಾಜರ್ ಅದೀನ್ರಿ ಬಾಯಾರ ಎಂದು ಕೈಯೆತ್ತಿದೆ, ಆ ತಲೆಯೊಳಗೆ ಬೆಂಕಿ ಹತ್ತಿತ್ತು, ನಾನು ಆಟ ಆಡುತ್ತಿದ್ದೆ. ನಾಲ್ಕಕ್ಕೆ ನೀಲಿಮಾ ಸಿಸ್ಟರ್ ಬಂದು ಹಣೆ ಮುಟ್ಟಿ ಕೈ ಹಿಂದೆಳೆದಳು, ಮಾವಶಿ, ಅಂಗ್ ಬಘಾ, ತವಾ ಝಾಲಾಯ್, ಮೈ ನೋಡಿ, ಕಾದ ಹಂಚಾಗಿದೆ ಅಂದಳು. ಬೆವರೇ ಇಲ್ಲವಲ್ಲ ಸಿಸ್ಟರ್, ತಂಪಾಗೇ ಇದ್ದಾರೆ ಅಂದೆ ನನ್ನ ಹರಕುಮುರುಕು ಮರಾಠಿಯಲ್ಲಿ, ಅವಳು ನನ್ನನ್ನು ನೋಡಿದ ರೀತಿ — ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಇಷ್ಟು ಸೆಕೆಯಲ್ಲಿ ಬೆವರು ನಿಂತಿತೆಂದರೆ ತಂಪಲ್ಲ ಮಾವಶಿ, ದೇಹ ಕೈಚೆಲ್ಲಿತು ಅಂತ ಅರ್ಥ ಎಂದಳು. ಕಿಟಕಿಗಳನ್ನೆಲ್ಲ ದಡದಡ ತೆರೆದಳು, ದಿಂಬು ತೆಗೆದು ಬದಿಗಿಟ್ಟು ಒದ್ದೆ ಬಟ್ಟೆ ಸುತ್ತಿದೆವು, ಹಬೆ ಎದ್ದಂತಾಯಿತು. ಸ್ಟ್ರೆಚರ್ ಜೊತೆ ಮೆಟ್ಟಿಲವರೆಗೆ ಓಡಿದೆ, ತಿರುಗಿ ಬರ್ತಾರಲ್ಲ ಸಿಸ್ಟರ್ ಎಂದೆ, ಅವಳು ಉಳಿದವರನ್ನು ನೋಡಿ, ಒಬ್ಬೊಬ್ಬರನ್ನೂ ಮುಟ್ಟಿ ನೋಡಿ ಎಂದಷ್ಟೇ ಹೇಳಿ ಆಂಬುಲೆನ್ಸ್ ಹತ್ತಿದಳು.

ಮುಟ್ಟಿ ನೋಡಬೇಕು, ಕೈ ಏಳುತ್ತಿಲ್ಲ, ಈ ದಿಂಬಿಗೇ ಅಂಟಿಕೊಂಡಿದೆ, ಏಳು ಮಾನಮ್ಮ, ಕಿಟಕಿಯ ಕಡೆಯ ಮೂವರು ನೀರು ನೀರು ಎಂದು ಕೂಗುತ್ತಿದ್ದಾರೆ, ಕೂಗುವವರು ಬದುಕಿದ್ದಾರೆ, ಅವರ ಕತ್ತು ಬೆವರಿನಿಂದ ಹೊಳೆಯುತ್ತಿದೆ, ತುಂಬಿದ ಲೋಟ ಕೊಡುತ್ತೇನೆ, ಹಾಸಿಗೆ ಎಷ್ಟಾದರೂ ಒದ್ದೆಯಾಗಲಿ, ನಾನೇ ಒಗೆಯುತ್ತೇನೆ. ಶಿವಬಸವ್ವ ಮಾತ್ರ ಏನೂ ಕೇಳುವುದಿಲ್ಲ, ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ, ಪುಣ್ಯಾತಗಿತ್ತಿ, ಊಟವಾದ ಮೇಲೆ ಒಂದು ಸಲವೂ ನನ್ನನ್ನು ಕರೆದಿಲ್ಲ, ಯಾರಿಗೂ ತ್ರಾಸು ಕೊಡುವವಳಲ್ಲ ಎಂದು ಮಧ್ಯಾಹ್ನ ಎಲ್ಲರೆದುರು ಹೊಗಳಿದ್ದೆ — ಶಿವಬಸವ್ವಾ, ಏಳ್ರಿ, ನೀರು ಕುಡೀರಿ, ಶಿವಬಸವ್ವಾ — ಕತ್ತಿನ ಕೆಳಗೆ ಕೈ ತೂರಿಸುತ್ತೇನೆ, ದಿಂಬು, ಒದ್ದೆ ಇರಲಿ ದೇವರೇ, ಒಂದು ಹನಿ, ಬೆರಳು ಸರಿಸುತ್ತೇನೆ, ಈ ತುದಿ, ಆ ತುದಿ, ದಿಂಬು ಒಣಗಿದೆ.