ಧೋಕೋ ಟೆನಿಸ್

"ಬಾಜೂಕ ತಿರಗ್ರಿ! ಸೈಡ್ ಮೇ, ಸೈಡ್ ಮೇ!"

ಸುಭದ್ರಾ ಬೆಳಗಿನ ಆರೂವರೆಯಿಂದ ಕೂಗುತ್ತಿದ್ದಳು. ಎರಡನೇ, ಮೂರನೇ ಕ್ಲಾಸಿನ ಹನ್ನೆರಡು ಮಕ್ಕಳಲ್ಲಿ ಒಂದೂ ಪಕ್ಕಕ್ಕೆ ತಿರುಗಲಿಲ್ಲ. ರಾಕೆಟ್ಟನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು ಕ್ರಿಕೆಟ್ ಬ್ಯಾಟಿನಂತೆ ಬೀಸುತ್ತಿದ್ದವು. ಚೆಂಡು ಬೇಲಿಯಾಚೆ ಬಿದ್ದರೆ "ಸಿಕ್ಸರ್!" ಎಂದು ಕುಣಿಯುತ್ತಿದ್ದವು.

"ಮಮ್ಮಿ, ಹಿಂದಿ ಸರಿ ಬೋಲೋ. ಎಲ್ಲಾ ನಗ್ತಾರೆ," ಎಂದಳು ಎಂಟು ವರ್ಷದ ಮಗಳು ಧನುಶ್ರೀ, ಮುಖ ಕೆಂಪಗೆ ಮಾಡಿಕೊಂಡು.

ಧಾರವಾಡದಲ್ಲಿ ಮೂರು ವರ್ಷ ಯೂನಿವರ್ಸಿಟಿ ಪರವಾಗಿ ಆಡಿದವಳು ಸುಭದ್ರಾ. ಎಂಜಿನಿಯರ್ ಗಂಡ ಚನ್ನಬಸಪ್ಪನಿಗೆ ಅಹಮದಾಬಾದಿಗೆ ವರ್ಗವಾದ ಮೇಲೆ ಅವಳ ರಾಕೆಟ್ಟು ಅಟ್ಟ ಸೇರಿತ್ತು. ಹಾಗಾಗಿ 2003ರ ಬೇಸಿಗೆ ರಜೆಯಲ್ಲಿ, ಚಾಂದ್‌ಖೇಡಾದ ಅವರ ಕಾಲೊನಿ ಕ್ಲಬ್ಬಿನ ಕಾರ್ಯದರ್ಶಿ ಪರೀಖ್ ಮಕ್ಕಳಿಗೆ ಟೆನಿಸ್ ಕಲಿಸುತ್ತೀರಾ ಎಂದು ಕೇಳಿದಾಗ ಗಂಡನನ್ನೂ ಕೇಳದೆ ಒಪ್ಪಿಕೊಂಡಿದ್ದಳು. ಸಣ್ಣ ರಾಕೆಟ್ಟು, ಮೆತ್ತನೆ ಚೆಂಡು ಬೇಕು ಎಂಬುದಷ್ಟೇ ಅವಳ ಬೇಡಿಕೆ. ಪರೀಖ್ ಹನ್ನೆರಡು ಹಳೆಯ ದೊಡ್ಡವರ ರಾಕೆಟ್ಟುಗಳನ್ನೂ, ತನ್ನ ಹೆಸರಿದ್ದ ದೊಡ್ಡ ಬ್ಯಾನರನ್ನೂ ಕಳಿಸಿದ್ದ.

ಒಂದು ವಾರ ಅವಳು ಮಕ್ಕಳನ್ನು ಬೈದದ್ದೇ ಬೈದದ್ದು. ಅದರಲ್ಲೂ ಏಳು ವರ್ಷದ ತೃಪ್ತಿಯನ್ನು. ಕಡ್ಡಿಯಂಥ ಆ ಹುಡುಗಿಯ ಕೈಯಲ್ಲಿ ರಾಕೆಟ್ಟಿನ ತುದಿ ನೆಲಕ್ಕೆ ಜೋತುಬೀಳುತ್ತಿತ್ತು. "ಊಟ ಮಾಡಿಲ್ಲೇನು ನೀ?" ಎಂದು ಸುಭದ್ರಾ ಕನ್ನಡದಲ್ಲೇ ರೇಗಿದರೆ, ಅದು ಅರ್ಥವಾಗದೆ ಅವಳು ತಲೆಯಾಡಿಸುತ್ತಿದ್ದಳು.

ಭಾನುವಾರ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಾಗ ಕೆಳಗೆ ಟಪ್, ಟಪ್ ಎಂದು ಸದ್ದು ಕೇಳಿತು. ತೃಪ್ತಿ! ಗುಜರಾತಿಗಳು ಬಟ್ಟೆ ಒಗೆಯಲು ಬಳಸುವ ಧೋಕೋ ಎಂಬ ಗಿಡ್ಡ ಮರದ ಹಲಗೆ ಹಿಡಿದು ಪ್ಲಾಸ್ಟಿಕ್ ಚೆಂಡನ್ನು ಗೋಡೆಗೆ ಹೊಡೆಯುತ್ತಿದ್ದಳು. ಒಂದೇ ಕೈ. ಭುಜ ಗೋಡೆಯ ಕಡೆಗೆ, ಪಾದ ಪಕ್ಕಕ್ಕೆ. ಯಾರೂ ಕೂಗಿ ಹೇಳದೆ.

ಸುಭದ್ರಾ ಕೈಯಲ್ಲಿ ಒದ್ದೆ ಟವೆಲ್ ಹಿಡಿದು ಹಾಗೇ ನಿಂತಳು. ತಪ್ಪು ಮಕ್ಕಳದ್ದಲ್ಲ, ಆ ರಾಕೆಟ್ಟುಗಳ ಭಾರದ್ದು ಎಂದು ತನಗೆ ಮೊದಲ ದಿನವೇ ಗೊತ್ತಿತ್ತಲ್ಲ! ಪರೀಖನ ಜೊತೆ ಜಗಳಾಡಬೇಕಾದ ಸಿಟ್ಟನ್ನೆಲ್ಲ ಮಕ್ಕಳ ಮೇಲೆ ಕಾರಿದ್ದಳು.

ಅವಳು ಹೇಳಿಕಳಿಸಿದ್ದರಿಂದ ಮರುದಿನ ಎಲ್ಲರೂ ಮನೆಯಿಂದ ಧೋಕೋ ತಂದರು. "ಟೆನಿಸ್ ಕಲಿಸ್ತಿದ್ದೀರೋ, ಬಟ್ಟೆ ಒಗೆಯೋದನ್ನೋ?" ಎಂದು ತಾಯಂದಿರು ಹಿಂದಿಯಲ್ಲಿ ನಕ್ಕರು. ಆದರೆ ನಾಲ್ಕೇ ದಿನಕ್ಕೆ, ಒಂದು ಸಲ ಪುಟಿದ ಚೆಂಡು ಮಕ್ಕಳ ಏಟಿಗೆ ನೆಟ್ ದಾಟತೊಡಗಿತು.

ಕೊನೆಯ ದಿನ ಮಕ್ಕಳ ಆಟ ನೋಡಲು ಮುಖ್ಯ ಅತಿಥಿ ಬರುವ ಹತ್ತು ನಿಮಿಷ ಮುಂಚೆ ಪರೀಖ್ ಕೋರ್ಟಿಗೆ ಬಂದ. "ಮ್ಯಾಡಂ, ಇದೇನು ತಮಾಷೆ? ಫೋಟೋ ತೆಗೀತಾರೆ!" ಎಂದವನೇ ಧೋಕೋಗಳನ್ನೆಲ್ಲ ಮೂಲೆಗೆ ಒಟ್ಟಿ ರಾಕೆಟ್ಟು ಹಂಚಿದ. ಸುಭದ್ರಾಳ ಬಾಯಿಗೆ ಬಂದ ಮಾತು ಹಿಂದಿಯಾಗಿ ಹೊರಡಲಿಲ್ಲ.

ಚೆಂಡುಗಳು ನೆಟ್ಟಿಗೆ ಬಿದ್ದವು, ಕುರ್ಚಿಗಳ ಕೆಳಗೆ ಉರುಳಿದವು. ತೃಪ್ತಿಯ ಮಣಿಕಟ್ಟು ತಿರುಚಿ ರಾಕೆಟ್ಟು ಕೆಳಗೆ ಬಿತ್ತು. ಯಾರೋ ನಕ್ಕರು. ಹುಡುಗಿ ತುಟಿ ಕಚ್ಚಿಕೊಂಡು ಅಳತೊಡಗಿದಳು.

ಆಗ ಸುಭದ್ರಾ ನೇರ ಮೂಲೆಗೆ ಹೋಗಿ ತೃಪ್ತಿಯ ಧೋಕೋ ತಂದುಕೊಟ್ಟು, ನೆಟ್ಟಿನಾಚೆ ನಿಂತಳು. "ಬಾ, ಹೊಡಿ." ಚೆಂಡು ಹೋಯಿತು, ಬಂತು. ಹನ್ನೊಂದು ಸಲ. ಅತಿಥಿ ಎರಡು ಚಪ್ಪಾಳೆ ತಟ್ಟಿ, ಗಡಿಯಾರ ನೋಡಿಕೊಂಡು ಹೊರಟ.

"ನಮ್ಮ ಮರ್ಯಾದೆ ತೆಗೆದಿರಿ. ಮುಂದಿನ ವರ್ಷ ಸಿಟಿಯಿಂದ ಕೋಚ್ ಕರೆಸ್ತೀನಿ," ಎಂದು ಪರೀಖ್ ಅವಳ ಬಳಿಯಿದ್ದ ಕೋರ್ಟಿನ ಕೀಲಿಗೆ ಕೈ ಚಾಚಿದ. ಅವಳು ಅದನ್ನು ಕೊಡದೆ ಕೋರ್ಟಿನ ಬೆಂಚಿನ ಮೇಲೆ ಇಟ್ಟು ನಡೆದಳು.

ದಾರಿಯಲ್ಲಿ ಅವಳಿಗೆ ಪರೀಖನಿಗಿಂತ ತನ್ನ ಮೇಲೇ ಹೆಚ್ಚು ಉರಿ. ಹತ್ತು ನಿಮಿಷ ಯಾಕೆ ಸುಮ್ಮನಿದ್ದೆ? ಮಗು ಅಳುವವರೆಗೆ ಯಾಕೆ ಕಾದೆ?

"ಮಮ್ಮಿ, ಕಲ್ ಸೇ ನಹೀ?" ಎಂದಳು ಧನುಶ್ರೀ.

"ಕನ್ನಡದಾಗ ಕೇಳು."

"ನಾಳೆ... ಇಲ್ಲ?"

ಸುಭದ್ರಾ ಬೇಲಿಯಾಚೆ ಬಿದ್ದಿದ್ದ ಚೆಂಡೊಂದನ್ನು ಹೆಕ್ಕಿ ಮಗಳ ಕೈಗೆ ಕೊಟ್ಟು, ಬಿಸಿಲಲ್ಲಿ ಬೇಗ ಬೇಗ ಹೆಜ್ಜೆ ಹಾಕಿದಳು.