ಡಬ್ಬಿ ಯಾರ ಮುಂದೆ

ಪ್ರೆಸ್ಸು ಮುಚ್ಚುವಾಗ ಬೀರುವಿನಲ್ಲಿ ಸಿಕ್ಕ ಹಳೆಯ ಫೋಟೋಗಳನ್ನು ಬೈಂಡರ್ ನೇರವಾಗಿ ಅತ್ತಿಗೆಯ ಮನೆಗೆ ತಂದಿದ್ದ. ಒಡಹುಟ್ಟಿದವನ ಹೆಂಡತಿಯೇನಲ್ಲ, ಪ್ರೆಸ್ಸಿನಲ್ಲಿ ಮೆಷಿನ್ ಓಡಿಸುತ್ತಿದ್ದವನನ್ನು ಬಾಯಿತುಂಬ ಅಣ್ಣ ಎಂದು ಕರೆದ ಮೇಲೆ ಅವನ ಹೆಂಡತಿ ಅತ್ತಿಗೆಯಲ್ಲದೆ ಇನ್ನೇನು? ಆ ಅಣ್ಣ ಒಂದು ಸಂಜೆ ಮೆಷಿನ್ ಪಕ್ಕದಲ್ಲೇ ಎದೆ ಹಿಡಿದುಕೊಂಡು ಕುಸಿದು, ತೀರಿಕೊಂಡು ವರ್ಷವಾಗಿತ್ತು.

ಎಲ್ಲವೂ ಮಧ್ಯಾಹ್ನದ ಊಟದ ಚಿತ್ರಗಳು. ಕಾಗದದ ಕಟ್ಟುಗಳ ಮೇಲೆ ಕೂತ ಜನ, ಮಸಿ ಮೆತ್ತಿದ ಅಂಗಿಗಳು, ತೆರೆದ ಡಬ್ಬಿಗಳು. ಅತ್ತಿಗೆ ಕಣ್ಣೊರೆಸಿಕೊಂಡಳು, ಗಂಡನ ಆಗಿನ ಕ್ರಾಪು ನೋಡಿ ನಕ್ಕಳು, ಮತ್ತೆ ಕಣ್ಣೊರೆಸಿಕೊಂಡಳು. ಆಮೇಲೆ ಮುಖ ಗಂಟಿಕ್ಕಿದಳು.

“ಇದು ನನ್ನ ಡಬ್ಬಿ. ಹಿಡಿ ಸೊಟ್ಟಗಿದೆ ನೋಡು. ನಿನ್ನ ಮುಂದೆ ಯಾಕಿದೆ?”

ಬೈಂಡರ್ ಮೆಲ್ಲಗೆ ಎದ್ದು ಚಪ್ಪಲಿಯತ್ತ ನೋಡಿದ.

“ಇದ್ರಲ್ಲೂ ನಿನ್ನ ಮುಂದೆ. ಇದ್ರಲ್ಲೂ. ಕೂತ್ಕೋ, ಎಲ್ಲಿಗೆ ಹೊರಟೆ?”

ಮುಚ್ಚಿಡುವ ವಿದ್ಯೆ ಪಾಪ ಅವನಿಗೆ ಬರುತ್ತಿರಲಿಲ್ಲ. “ಅಣ್ಣನ ಹೊಟ್ಟೇಲಿ ಹುಣ್ಣಿತ್ತು ಅತ್ತಿಗೆ. ಡಾಕ್ಟ್ರು ಖಾರ ಮುಟ್ಟಬೇಡ ಅಂದಿದ್ರು. ನಿಮಗೆ ಹೇಳಿದ್ರೆ ನೀವೂ ಸಪ್ಪೆ ಉಣ್ತೀರ ಅಂತ ಹೇಳ್ಲಿಲ್ಲ. ನಾನು ಒಂಟಿ ಆಸಾಮಿ, ನನ್ನ ಡಬ್ಬೀಲಿ ದಿನಾ ಗಂಜಿ. ಡಬ್ಬಿ ಬದಲಾಯಿಸ್ಕೊಳ್ತಿದ್ವಿ.”

ಗಂಡ ರಾತ್ರಿ ಹಸಿವಿಲ್ಲವೆಂದು ಬರೀ ಹಾಲು ಕುಡಿದು ಮಲಗುತ್ತಿದ್ದುದರ ಗುಟ್ಟು ಆಗ ಅತ್ತಿಗೆಗೆ ಹೊಳೆಯಿತು. ಮೈಯೆಲ್ಲ ಉರಿದುಹೋಯಿತು. ದಿನಾ ಸಂಜೆ ಬಾಗಿಲಲ್ಲೇ ನಿಂತು ‘ಇವತ್ತಿನ ಪಲ್ಯ ಏನು ರುಚಿ ಮಾರಾಯ್ತಿ!’ ಎನ್ನುತ್ತಿದ್ದನಲ್ಲ ಆ ಮಹಾರಾಯ! ಅದೊಂದು ಮಾತಿಗಾಗಿ ಅವಳು ಬೆಳಗಾಗುವ ಮುಂಚೆ ಎದ್ದು ಒಲೆಯ ಮುಂದೆ ಬೇಯುತ್ತಿದ್ದಳು.

“ಹಾಗಾದ್ರೆ ಅದೆಲ್ಲಾ ಸುಳ್ಳಾ?”

“ಅಯ್ಯೋ, ಸುಳ್ಳಲ್ಲ! ನನಗೆ ಕೈ ತೊಳೆಯೋಕೂ ಬಿಡ್ತಿರ್ಲಿಲ್ಲ. ‘ಹೇಗಿತ್ತು, ಸರಿಯಾಗಿ ಹೇಳೋ, ಮನೇಲಿ ಹೇಳ್ಬೇಕು’ ಅಂತ ಪ್ರಾಣ ತಿಂತಿದ್ರು. ನಾನು ಹೇಳಿದ್ದನ್ನ ಬಾಯಿಪಾಠ ಮಾಡ್ಕೊಂಡು ಮನೆಗೆ ಬರ್ತಿದ್ರು.”

ಅತ್ತಿಗೆಯ ಸಿಟ್ಟು ಇಳಿದು, ಅದಿದ್ದ ಜಾಗದಲ್ಲಿ ಗಂಡನ ಮೇಲೆ ತಡೆಯಲಾರದಷ್ಟು ಪ್ರೀತಿ ಉಕ್ಕಿತು. ಅವನು ಹೋದ ದಿನ ಡಬ್ಬಿ ಯಾರದೋ ಕೈಯಲ್ಲಿ ಖಾಲಿಯಾಗಿ ಮನೆಗೆ ಬಂದಿತ್ತು. ಊಟದ ಸುದ್ದಿ ಹೇಳುವವನು ಬಂದಿರಲಿಲ್ಲ.

“ಕೊನೇ ದಿನದ್ದು?” ಎಂದಳು. “ಅವತ್ತು ಹೇಗಿತ್ತು?”

ಬೈಂಡರ್ ತಲೆ ತಗ್ಗಿಸಿದ. “ಉಪ್ಪು ಒಂಚೂರು ಜಾಸ್ತಿಯಾಗಿತ್ತು ಅತ್ತಿಗೆ. ಅಣ್ಣಂಗೆ ಹಾಗೇ ಹೇಳ್ದೆ. ‘ಸುಮ್ನಿರೋ, ಚೆನ್ನಾಗಿತ್ತು ಅಂತಾನೇ ಹೇಳ್ತೀನಿ’ ಅಂದ್ರು.”